ಒಂದೇ ಹೆಸರಿನ ಎರಡು ಕಪಿಕುಲಗಳು

ಅಮರಸಿಂಹನು ತನ್ನ ಕೋಶದ ದ್ವಿತೀಯಕಾಂಡದ ಸಿಂಹಾದಿವರ್ಗದಲ್ಲಿ ಕಪಿಗೆ ಒಂಬತ್ತು ಹೆಸರುಗಳನ್ನು ಹೇಳಿರುವನು. ಮರ್ಕಟ, ವಾನರ, ಕೀಶ, ಶಾಖಾಮೃಗ, ವಲೀಮುಖ, ಪ್ಲವಗ ಮೊದಲಾದ ಈ ಹೆಸರುಗಳು ಪಾಠಶಾಲೆಯ ಮೆಟ್ಟಿಲನ್ನು ಹತ್ತಿದ ಬಾಲಕರಿಗೆಲ್ಲ ಕಂಠಸ್ಥವಾಗಿದ್ದವು. ಕೊಂಬೆಗಳಲ್ಲಿ ಸಂಚರಿಸುವುದರಿಂದ ಶಾಖಾಮೃಗವೆಂದೂ, ಹಾರಿ ಹಾರಿ ನಡೆಯುವುದರಿಂದ ಪ್ಲವಗವೆಂದೂ, ಮುಖವು ಸುಕ್ಕುಗಟ್ಟಿರುವುದರಿಂದ ವಲೀಮುಖವೆಂದೂ ಅರ್ಥವನ್ನು ಬಿಡಿಸಬಹುದು. ಆದರೆ ಒಂಬತ್ತೂ ಪರ್ಯಾಯನಾಮಗಳೇ ಆಗಿರುವುದರಿಂದ, ಒಂದು ಬಗೆಯ ಕಪಿಯನ್ನು ಮತ್ತೊಂದು ಬಗೆಯಿಂದ ಬೇರ್ಪಡಿಸುವ ಪದವು ಅವುಗಳಲ್ಲಿ ದೊರೆಯುವುದಿಲ್ಲ. ವಾಲ್ಮೀಕಿಯು ಮಾತ್ರ ಸುಗ್ರೀವನ ಸೈನ್ಯವನ್ನು ವರ್ಣಿಸುವಾಗ ವಾನರರನ್ನೂ ಗೋಲಾಂಗೂಲರನ್ನೂ ಬೇರೆಬೇರೆಯಾಗಿ ಎಣಿಸಿರುವನು. ಹಸುವಿನ ಬಾಲದಂತೆ ನೀಳವಾದ ಬಾಲವುಳ್ಳದ್ದು ಗೋಲಾಂಗೂಲವು.

ಈ ಭೇದವನ್ನು ಕನ್ನಡದ ಜನರು ತಮ್ಮ ಆಡುಮಾತಿನಲ್ಲಿಯೇ ಉಳಿಸಿಕೊಂಡಿರುವರು. ಭೀಮಾತೀರದ ಅಫಜಲಪುರ, ಆಳಂದ, ಜೇವರ್ಗಿಗಳ ಹಳ್ಳಿಗಳಲ್ಲಿ ಚಿಕ್ಕ ಹುಡುಗನು ಸಹ ಕರಿಯ ಮೋರೆಯ, ನೀಳಬಾಲದ ಮುಸುವನನ್ನು ಮಂಗನೆಂದು ಕರೆಯಲಾರನು. ಒಂದು ಮುಸ್ಯಾ, ಇನ್ನೊಂದು ಮಂಗ್ಯಾ. ಇಷ್ಟು ಸೂಕ್ಷ್ಮವಾಗಿ ನೋಡಬಲ್ಲ ಜನರಿಗೂ ಒಂದು ಸಂಗತಿಯು ಕಣ್ತಪ್ಪಿರುವುದು. ಮಂಗ ಎಂಬ ಒಂದೇ ಹೆಸರಿನ ಕೆಳಗೆ ಎರಡು ಕುಲಗಳು ಅಡಗಿರುವುವು. ಇವೆರಡೂ ಹತ್ತಿರದ ಬಂಧುಗಳು; ಆದರೂ ರೂಪದಲ್ಲಿ, ನಡತೆಯಲ್ಲಿ, ಭಾಗ್ಯದಲ್ಲಿ ಭಿನ್ನವಾದುವು. ಒಂದು ಇನ್ನೊಂದರ ನೆಲವನ್ನು ಆಕ್ರಮಿಸಿಕೊಳ್ಳುತ್ತಿದ್ದರೂ, ಹೆಸರು ಒಂದೇ ಆದುದರಿಂದ ಆ ಪಲ್ಲಟವು ಬಹುಜನರ ಗಮನಕ್ಕೆ ಬಂದಿಲ್ಲ.

ಹೆಸರಿನ ಐಕ್ಯವು ವಸ್ತುಭೇದವನ್ನು ಮರೆಮಾಡುವುದಕ್ಕೆ ದೂರದ ಆಫ್ರಿಕಾಖಂಡದಿಂದ ಪ್ರಸಿದ್ಧವಾದ ಉದಾಹರಣೆಯೊಂದು ದೊರೆಯುವುದು. ಮನುಷ್ಯನಿಗೆ ಅತಿ ಸಮೀಪದ ಬಂಧುವಾದ ಚಿಂಪಾಂಜಿಯೆಂಬ ಬಾಲವಿಲ್ಲದ ಮಹಾಕಪಿಯನ್ನು ಮೈಸೂರಿನ ಮೃಗಾಲಯದಲ್ಲಿ ಅನೇಕರು ಕಂಡಿರಬಹುದು. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಇದು ಒಂದೇ ಜಾತಿಯೆಂದು ಪಂಡಿತರು ಭಾವಿಸಿದ್ದರು. ೧೯೨೩ರಲ್ಲಿ ಅಮೇರಿಕೆಯ ಮನಶ್ಶಾಸ್ತ್ರಜ್ಞ ರಾಬರ್ಟ್ ಯರ್ಕಸ್ ಎಂಬವರು ಎರಡು ಎಳೆಯ ಕಪಿಗಳನ್ನು ಕೊಂಡುತಂದು ಸಾಕಿದರು. ಗಂಡಿನ ಹೆಸರು ಚಿಮ್, ಹೆಣ್ಣಿನ ಹೆಸರು ಪ್ಯಾಂಜಿ. ಚಿಮ್‌ನ ಬುದ್ಧಿ, ಕುತೂಹಲ, ಕಾಯಿಲೆಬಿದ್ದ ಸಂಗಾತಿಯ ಮೇಲೆ ಅದು ತೋರಿಸುತ್ತಿದ್ದ ಕನಿಕರ ಇವೆಲ್ಲವೂ ಯರ್ಕಸರನ್ನು ವಿಸ್ಮಯಗೊಳಿಸಿದವು. ೧೯೨೪ರಲ್ಲಿ ಅದು ತೀರಿಕೊಂಡಿತು; ಮರುವರ್ಷ ಅವರು ಬರೆದ ಗ್ರಂಥದಲ್ಲಿ ಅದನ್ನು ಬಹುವಾಗಿ ಹೊಗಳಿದರು. ಅದು ಅಸಾಧಾರಣವಾದ ಚಿಂಪಾಂಜಿಯೆಂಬುದೇ ಅವರ ನಂಬಿಕೆಯಾಗಿತ್ತು. ಅದು ಬೇರೆಯೇ ಒಂದು ಜಾತಿಯ ಕಪಿಯೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ಆ ಜಾತಿಯು ವಿದ್ವಲ್ಲೋಕಕ್ಕೆ ಗೋಚರವಾದುದು ಕಾಡಿನಲ್ಲಿ ಅಲ್ಲ, ಬೆಲ್ಜಿಯಂ ದೇಶದ ಟೆರ್ವೂರೆನ್ ಎಂಬಲ್ಲಿಯ ವಸ್ತುಸಂಗ್ರಹಾಲಯದಲ್ಲಿ. ಕಾಂಗೋ ಸೀಮೆಯಿಂದ ಬಂದಿದ್ದ ತಲೆಬುರುಡೆಗಳಲ್ಲಿ ಕೆಲವು ಚಿಕ್ಕವಾಗಿದ್ದವು. ಚಿಕ್ಕವಾದುದರಿಂದ ಮರಿಗಳದೆಂದು ತಿಳಿಯುವುದು ಸಹಜವಷ್ಟೆ. ಆದರೆ ಎಲುಬಿನ ಬೆಸುಗೆಗಳನ್ನು ಪರೀಕ್ಷಿಸಲು ಅವು ಪೂರ್ಣವಾಗಿ ಬೆಳೆದ ಪ್ರಾಣಿಯವೆಂದು ಸ್ಪಷ್ಟವಾಯಿತು. ೧೯೨೯ರಲ್ಲಿ ಅರ್ನ್ಸ್ಟ್ ಶ್ವಾರ್ಟ್ಸ್ ಎಂಬವರು ಅದನ್ನು ಚಿಂಪಾಂಜಿಯ ಉಪಜಾತಿಯೆಂದು ಪ್ರಕಟಿಸಿದರು. ೧೯೩೩ರಲ್ಲಿ ಹೆರಾಲ್ಡ್ ಕೂಲಿಜ್ ಎಂಬವರು ಸ್ವತಂತ್ರ ಜಾತಿಯೆಂದು ಸ್ಥಾಪಿಸಿದರು. ಬೊನೊಬೊ ಎಂಬ ಹೆಸರನ್ನು ೧೯೫೪ರಲ್ಲಿ ಟ್ರಾಟ್ಸ್ ಮತ್ತು ಹೆಕ್ ಎಂಬ ಇಬ್ಬರು ಸೂಚಿಸಿದರು. ಯರ್ಕಸರು ಮುದ್ದಿನಿಂದ ಸಾಕಿದ್ದ ಚಿಮ್ ಬೊನೊಬೊವೆಂಬುದೂ ಆ ಬಳಿಕ ನಿರ್ಣಯವಾಯಿತು.

ಈ ಎರಡು ಮಹಾಕಪಿಗಳನ್ನು ಬೇರೆಮಾಡಿದುದು ಒಂದು ನದಿ. ಕಾಂಗೋ ನದಿಯ ಬಲದಂಡೆಯಲ್ಲಿ ಚಿಂಪಾಂಜಿ, ಎಡದಂಡೆಯಲ್ಲಿ ಬೊನೊಬೊ. ಈ ಕಪಿಗಳಿಗೆ ಈಜು ಬಾರದು. ಕಾಂಗೋ ಕೆಲವೆಡೆ ಇನ್ನೂರು ಮೀಟರಿಗೂ ಮಿಕ್ಕ ಆಳವುಳ್ಳದ್ದು. ಹತ್ತರಿಂದ ಇಪ್ಪತ್ತು ಲಕ್ಷ ವರ್ಷಗಳ ಹಿಂದೆ ಅಗಲಿದ ಒಂದೇ ಮನೆತನದ ಎರಡು ಶಾಖೆಗಳು ಹೀಗೆ ಎರಡು ದಡಗಳಲ್ಲಿ ಎರಡು ಬಗೆಯಾಗಿ ಬೆಳೆದವು. ೨೦೧೨ರಲ್ಲಿ ಬೊನೊಬೊವಿನ ವಂಶಧಾತುವನ್ನು ಓದಿ ಮುಗಿಸಿದಾಗ, ಚಿಂಪಾಂಜಿಗೂ ಅದಕ್ಕೂ ಇರುವ ಅಂತರವು ನೂರಕ್ಕೆ ಅರ್ಧದಷ್ಟೂ ಇಲ್ಲವೆಂದು ಕಂಡುಬಂದಿತು. ಎರಡೂ ಹಣ್ಣನ್ನೇ ಮುಖ್ಯವಾಗಿ ತಿನ್ನುವುವು; ಎರಡೂ ಪ್ರತಿರಾತ್ರಿ ಮರದ ಮೇಲೆ ಹೊಸ ಹಾಸಿಗೆಯನ್ನು ಹೆಣೆದುಕೊಳ್ಳುವುವು; ಎರಡರಲ್ಲಿಯೂ ಗಂಡು ಹುಟ್ಟಿದ ಹಿಂಡಿನಲ್ಲಿ ಉಳಿಯುವುದು, ಹೆಣ್ಣು ಪ್ರಾಯಕ್ಕೆ ಬಂದೊಡನೆ ಬೇರೆ ಹಿಂಡಿಗೆ ಹೋಗುವುದು.

ಆದರೂ ಬಾಳಿನ ರೀತಿಯು ಬೇರೆ. ಬೊನೊಬೊ ತೆಳುಮೈಯದು, ನೀಳ ಕಾಲಿನದು. ಹುಟ್ಟುವಾಗಲೇ ಅದರ ಮುಖ ಕಪ್ಪು, ನೆತ್ತಿಯ ಕೂದಲು ಬೈತಲೆ ತೆಗೆದಂತೆ ಇಬ್ಭಾಗ. ಚಿಂಪಾಂಜಿಯ ಹಿಂಡಿನಲ್ಲಿ ಗಂಡುಗಳ ಆಳ್ವಿಕೆ. ಅವು ಗುಂಪುಗೂಡಿ ಸರಹದ್ದನ್ನು ಕಾಯುವುವು, ನೆರೆಯ ಹಿಂಡಿನವನು ಒಂಟಿಯಾಗಿ ಸಿಕ್ಕಿದರೆ ಕೊಲ್ಲುವುದೂ ಉಂಟು. ೧೯೬೦ರಲ್ಲಿ ಗೊಂಬೆ ಎಂಬ ಕಾಡಿನಲ್ಲಿ ಅಧ್ಯಯನವನ್ನಾರಂಭಿಸಿದ ಜೇನ್ ಗುಡಾಲ್ ಅವರು, ೧೯೭೪ರಿಂದ ೧೯೭೮ರ ವರೆಗೆ ಒಂದು ಹಿಂಡು ತನ್ನಿಂದಲೇ ಒಡೆದುಹೋದ ಇನ್ನೊಂದನ್ನು ನಿರ್ಮೂಲಮಾಡಿದುದನ್ನು ವರದಿಮಾಡಿರುವರು. ಬೊನೊಬೊಗಳಲ್ಲಿ ಹೆಣ್ಣುಗಳು ಪರಸ್ಪರ ಕೂಡಿಕೊಂಡು ಗಂಡುಗಳನ್ನು ಹದ್ದಿನಲ್ಲಿಡುವುವು. ಎರಡು ಹಿಂಡುಗಳು ಎದುರಾದಾಗ ಒಂದೇ ಮರದಲ್ಲಿ ಕೂಡಿ ಉಣ್ಣುವುದನ್ನೂ ನೋಡಿರುವರು. ಅವುಗಳಲ್ಲಿ ಕಲಹವೇ ಇಲ್ಲವೆಂದು ತಿಳಿಯಬಾರದು. ಗಂಡುಗಳ ನಡುವೆ ಜಗಳಗಳು ಬೇಕಾದಷ್ಟು. ಆದರೆ ಅದು ಕೊಲೆಯ ವರೆಗೆ ಬೆಳೆಯುವುದು ಅಪೂರ್ವ.

ಕಾಂಗೋವಿನ ಕಥೆಯನ್ನು ಇಲ್ಲಿಗೆ ನಿಲ್ಲಿಸಿ, ದಖ್ಖನದ ಮಂಗನತ್ತ ತಿರುಗೋಣ. ಇಲ್ಲಿಯೂ ಎರಡು ಕುಲಗಳು, ಇಲ್ಲಿಯೂ ನದಿಯ ಎಲ್ಲೆ, ಇಲ್ಲಿಯೂ ಒಂದೇ ಹೆಸರು. ಒಂದು ಉತ್ತರದ ಕೆಂಪುಮೊಗದ ಕಪಿ. ಪಾಶ್ಚಾತ್ಯರು ಅದನ್ನು ರೀಸಸ್ ಎಂದು ಕರೆದರು; ಅದು ಗ್ರೀಕರ ಪುರಾಣಕಥೆಯೊಂದರ ಅರಸನ ಹೆಸರು, ಕಪಿಗೂ ಅವನಿಗೂ ಯಾವ ಸಂಬಂಧವೂ ಇಲ್ಲ. ಇನ್ನೊಂದು ದಕ್ಷಿಣದ ಟೊಪ್ಪಿಗೆಯ ಕಪಿ. ೧೮೧೨ರಲ್ಲಿ ಫ್ರಾನ್ಸಿನ ಜೆಫ್ರಾ ಎಂಬವರು ಅದಕ್ಕೆ ಕಿರಣಗಳುಳ್ಳದ್ದು ಎಂಬರ್ಥದ ಲ್ಯಾಟಿನ್ ಹೆಸರನ್ನು ಕೊಟ್ಟರು. ನೆತ್ತಿಯ ನಡುವಿನ ಸುಳಿಯಿಂದ ಕೂದಲು ಸುತ್ತಲೂ ಹರಡಿ ಟೊಪ್ಪಿಗೆಯಿಟ್ಟಂತೆ ತೋರುವುದರಿಂದ ಈ ಹೆಸರು ಅನ್ವರ್ಥವಾಗಿದೆ.

ಎರಡಕ್ಕೂ ಸಮಾನವಾದ ಲಕ್ಷಣಗಳು ಹಲವು. ಸಿಕ್ಕಿದ ಕಾಳನ್ನು ಅವಸರದಲ್ಲಿ ತುಂಬಿಕೊಳ್ಳಲು ಎರಡಕ್ಕೂ ದವಡೆಯಲ್ಲಿ ಚೀಲಗಳುಂಟು. ಎರಡೂ ಸುಮಾರು ಐದೂವರೆ ತಿಂಗಳು ಗರ್ಭವನ್ನು ಧರಿಸಿ ಸಾಮಾನ್ಯವಾಗಿ ಒಂದೇ ಮರಿಯನ್ನು ಹೆರುವುವು. ಎರಡೂ ಕಾಡಿನಲ್ಲಿ ಹೇಗೋ ಹಾಗೆ ದೇವಸ್ಥಾನದ ಗೋಪುರದಲ್ಲಿಯೂ ಸಂತೆಯ ಬೀದಿಯಲ್ಲಿಯೂ ಬಾಳಬಲ್ಲುವು. ಎರಡರಲ್ಲಿಯೂ ಹೆಣ್ಣು ತಾಯಿಯ ಹಿಂಡನ್ನು ಬಿಡುವುದಿಲ್ಲ, ಗಂಡು ಬೆಳೆದ ಮೇಲೆ ಹೊರಟುಹೋಗುವುದು. ಆಫ್ರಿಕೆಯ ಮಹಾಕಪಿಗಳಿಗಿಂತ ಇದು ವಿಪರೀತವಾದ ಕ್ರಮವೆಂಬುದನ್ನು ವಾಚಕರು ಗಮನಿಸಬಹುದು.

ಭೇದಗಳನ್ನು ಗುರುತಿಸಲು ದೂರದರ್ಶಕಯಂತ್ರವು ಬೇಕಿಲ್ಲ. ಮೊದಲನೆಯದು ಬಾಲ. ಟೊಪ್ಪಿಗೆಯ ಕಪಿಯ ಬಾಲವು ಅದರ ಮೈಯ ಉದ್ದದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು; ಕೆಂಪುಮೊಗದ ಕಪಿಯ ಬಾಲವು ಮೈಯ ಅರ್ಧದಷ್ಟು ಮಾತ್ರ. ಎರಡನೆಯದು ನೆತ್ತಿ. ಕೆಂಪುಮೊಗದ್ದಕ್ಕೆ ಸುಳಿಯಿಲ್ಲ, ಅದರ ತಲೆಗೂದಲು ಹಿಂದಕ್ಕೆ ಬಾಚಿದಂತಿರುವುದು. ಮೂರನೆಯದು ಬಣ್ಣ. ಟೊಪ್ಪಿಗೆಯದು ಬೂದುಮಿಶ್ರಿತ ಕಂದು, ಹೊಟ್ಟೆ ಬಿಳಿಚು. ಇನ್ನೊಂದರ ಸೊಂಟದ ಕೆಳಭಾಗವು ಕಿತ್ತಳೆಯ ಛಾಯೆಯುಳ್ಳದ್ದು, ಪ್ರಾಯದ ಪ್ರಾಣಿಯ ಮುಖವೂ ಪೃಷ್ಠವೂ ಕೆಂಪು. ಮೈಕಟ್ಟಿನಲ್ಲಿ ಉತ್ತರದ್ದು ತುಸು ದೊಡ್ಡದು, ಭಾರವಾದುದು.

ಹೊರಗಿನ ಈ ಭೇದಗಳಿಗಿಂತ ಸ್ವಭಾವದ ಭೇದವು ವಿಚಾರಾರ್ಹವಾಗಿದೆ. ಕೆಂಪುಮೊಗದ ಕಪಿಗಳ ಹಿಂಡಿನಲ್ಲಿ ಮೇಲುಕೀಳಿನ ಶ್ರೇಣಿಯು ಅತಿ ಕಠಿಣ. ತಾಯಿಯ ಸ್ಥಾನದ ಕೆಳಗಿನ ಸ್ಥಾನವು ಮಗಳಿಗೆ ಲಭಿಸುವುದು. ಅಕ್ಕತಂಗಿಯರಲ್ಲಿ ಕಿರಿಯಳು ಮೇಲಕ್ಕೇರುವುದು ವಾಡಿಕೆ. ಕೀಳಿನದು ಮೇಲಿನದರ ಮುಂದಿನಿಂದ ಕಾಳೊಂದನ್ನು ಎತ್ತಿದರೆ ಕಚ್ಚಿಸಿಕೊಳ್ಳುವುದು, ಕಚ್ಚಾಟದ ಬಳಿಕ ರಾಜಿಯಾಗುವುದು ವಿರಳ. ೧೯೩೮ರಲ್ಲಿ ಕಾರ್ಪೆಂಟರ್ ಎಂಬ ಅಮೇರಿಕೆಯ ಪಂಡಿತರು ಹಿಂದುಸ್ಥಾನದಿಂದ ನಾನೂರಕ್ಕೂ ಮಿಕ್ಕ ಕಪಿಗಳನ್ನು ಹಡಗಿನಲ್ಲಿ ಕೊಂಡೊಯ್ದು ಪೋರ್ಟೊ ರಿಕೊ ಸಮೀಪದ ಸಣ್ಣ ದ್ವೀಪವೊಂದರಲ್ಲಿ ಬಿಟ್ಟರು. ಅವುಗಳ ಸಂತತಿಯನ್ನು ತಲೆಮಾರುಗಳ ಕಾಲ ನೋಡಿದುದರಿಂದ ಈ ವ್ಯವಸ್ಥೆಯು ವಿಶದವಾಗಿ ತಿಳಿದುಬಂದಿತು.

ಟೊಪ್ಪಿಗೆಯ ಕಪಿಗಳಲ್ಲಿಯೂ ಶ್ರೇಣಿಯುಂಟು, ಆದರೆ ಅದು ಸಡಿಲವಾದುದು. ೧೯೬೦ರ ದಶಕದ ಆದಿಯಲ್ಲಿ ಪಾಲ್ ಸೈಮಂಡ್ಸ್ ಎಂಬವರು ದಕ್ಷಿಣಭಾರತದಲ್ಲಿ ಅವುಗಳನ್ನು ಅಭ್ಯಾಸಮಾಡಿದರು. ಅದೇ ಕಾಲದಲ್ಲಿ ಧಾರವಾಡದ ಸುತ್ತಿನ ಮುಸುವಗಳನ್ನು ನೋಡಲು ಜಪಾನಿನಿಂದ ಬಂದಿದ್ದ ಯುಕಿಮಾರು ಸುಗಿಯಾಮಾ ಅವರೂ ಈ ಕಪಿಗಳ ವಿಷಯವಾಗಿ ಬರೆದರು. ಬೆಳೆದ ಗಂಡುಗಳು ಒಂದರ ಮೈಯನ್ನೊಂದು ಹೇನು ಹೆಕ್ಕುತ್ತ ಬಹುಹೊತ್ತು ಕೂರುವುದು, ಅಪ್ಪಿಕೊಳ್ಳುವುದು, ಮರಿಗಳಂತೆ ಆಡುವುದು ಈ ಕುಲದ ವಿಶೇಷ. ರಾತ್ರಿ ಕೊಂಬೆಯ ಮೇಲೆ ಒಂದಕ್ಕೊಂದು ಒತ್ತಿಕೊಂಡು ಮಲಗುವುವು. ಸ್ಪರ್ಧಿಗಳಾಗಬೇಕಾದ ಗಂಡುಗಳಲ್ಲಿ ಇಷ್ಟು ಸಹನೆಯು ಕೆಂಪುಮೊಗದ ಕುಲದಲ್ಲಿ ಕಾಣುವುದು ದುರ್ಲಭ.

ಸ್ವಭಾವವೆಂಬುದು ಕಲ್ಲಿನಲ್ಲಿ ಕೊರೆದ ಬರಹವಲ್ಲವೆಂಬುದಕ್ಕೂ ನಿದರ್ಶನವುಂಟು. ೨೦೧೭ರಲ್ಲಿ ಮರಿಯಾ ಎಂಬ ಚಂಡಮಾರುತವು ಪೋರ್ಟೊ ರಿಕೊದ ಆ ದ್ವೀಪದ ಮರಗಳನ್ನು ಬಹುಮಟ್ಟಿಗೆ ನಾಶಮಾಡಿತು. ನೆರಳು ದುರ್ಲಭವಾದಾಗ, ಅಷ್ಟು ಕಲಹಪ್ರಿಯವಾದ ಕೆಂಪುಮೊಗದ ಕಪಿಗಳು ಸಹ ಉಳಿದ ನೆರಳಿನಲ್ಲಿ ಒತ್ತೊತ್ತಾಗಿ ಕುಳಿತು ಪರಸ್ಪರ ಸಹಿಸಿಕೊಳ್ಳಲು ಕಲಿತವೆಂದು ಅಲ್ಲಿಯ ಸಂಶೋಧಕರು ಪ್ರಕಟಿಸಿರುವರು.

ಇನ್ನು ಎಲ್ಲೆಯ ವಿಚಾರ. ಹಳೆಯ ಪ್ರಾಣಿಶಾಸ್ತ್ರಗ್ರಂಥಗಳು ಪಶ್ಚಿಮದಲ್ಲಿ ತಾಪೀನದಿಯನ್ನೂ ಪೂರ್ವದಲ್ಲಿ ಗೋದಾವರಿಯನ್ನೂ ಈ ಎರಡು ಕುಲಗಳ ಸೀಮಾರೇಖೆಯೆಂದು ಹೇಳಿದವು. ೧೯೮೧ರಲ್ಲಿ ಫೂಡೆನ್ ಮತ್ತು ಅವರ ಸಹಕಾರಿಗಳು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಈ ರೇಖೆಯನ್ನು ಪುನಃ ವಿಮರ್ಶಿಸಿದರು. ಅಫಜಲಪುರ ಸೀಮೆಯು ಗೋದಾವರಿಯ ದಕ್ಷಿಣಕ್ಕೂ ಕೃಷ್ಣೆಯ ಉತ್ತರಕ್ಕೂ ಇರುವುದು. ಅಂದರೆ ಹಳೆಯ ಎಲ್ಲೆಯ ಈಚೆಗೆ, ಟೊಪ್ಪಿಗೆಯ ಕಪಿಯ ಪುರಾತನ ರಾಜ್ಯದ ಬಡಗಣ ಅಂಚಿನಲ್ಲಿ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರವನ್ನು ಬಳಸಿ ಬರುವ ಭೀಮೆಯು ಈ ಸೀಮೆಯಲ್ಲಿ ಅಮರಜೆಯನ್ನು ಕೂಡಿಕೊಂಡು, ದೇವಲ ಗಾಣಗಾಪುರದ ಸಂಗಮವನ್ನು ದಾಟಿ, ರಾಯಚೂರಿನ ಬಡಗಣಕ್ಕೆ ಕೃಷ್ಣೆಯಲ್ಲಿ ಸೇರುವುದು.

ಆದರೆ ದಖ್ಖನದ ನದಿಗಳು ಕಾಂಗೋವಿನಂತಲ್ಲ. ಅವು ಮಳೆಯ ನೀರನ್ನು ನಂಬಿದುವು. ಶ್ರಾವಣದಲ್ಲಿ ದಡಮೀರಿ ಹರಿಯುವ ಹೊಳೆಯು ವೈಶಾಖದಲ್ಲಿ ಬಂಡೆಗಳ ನಡುವಣ ಮಡುಗಳಾಗಿ ಉಳಿಯುವುದು. ಇಂತಹ ನದಿಯು ಲಕ್ಷಾಂತರ ವರ್ಷಗಳ ಕಾಲ ಪೂರ್ಣವಾಗಿ ಅಗಲಿಸಲಾರದು. ಅಲ್ಲದೆ ಕೆಂಪುಮೊಗದ ಕಪಿಯು ಒಳ್ಳೆಯ ಈಜುಗಾರನು. ಎರಡು ಕುಲಗಳೂ ತಮ್ಮ ತಮ್ಮ ಪಾಡಿಗೆ ನೆಲೆಗೊಂಡು, ಒಂದು ಇನ್ನೊಂದನ್ನು ತಡೆದುದರಿಂದ ಈ ಎಲ್ಲೆಯು ಬಹುಕಾಲ ನಿಂತಿತು. ತಡೆಯು ಇಂತಹ ದುರ್ಬಲವಾದುದಾಗಿರಲು, ಮನುಷ್ಯನು ಅದಕ್ಕೆ ಕೈಹಾಕಿದೊಡನೆ ತೂಕವು ತಪ್ಪಿತು.

ಮನುಷ್ಯನು ಮೊದಲು ಕೈಹಾಕಿದುದು ಉತ್ತರದ ಕುಲದ ಮೇಲೆ. ೧೯೪೦ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಎಂಬವರು ರೀಸಸ್ ಕಪಿಯ ರಕ್ತದಿಂದ ಪ್ರಯೋಗಗಳನ್ನು ನಡೆಸಿದುದರ ಗುರುತಾಗಿಯೇ ಇಂದಿಗೂ ರಕ್ತಪರೀಕ್ಷೆಯ ಚೀಟಿಯಲ್ಲಿ ಆರ್‌ಎಚ್ ಎಂಬ ಅಕ್ಷರಗಳು ಬರುವುವು. ಪೋಲಿಯೋ ರೋಗದ ಲಸಿಕೆಯನ್ನು ತಯಾರಿಸಲು ಈ ಕಪಿಯ ಮೂತ್ರಪಿಂಡವು ಬೇಕಾದಾಗ, ೧೯೫೦ರ ದಶಕದಲ್ಲಿ ವರ್ಷಕ್ಕೆ ಲಕ್ಷಕ್ಕೂ ಮೇಲ್ಪಟ್ಟು ಪ್ರಾಣಿಗಳು ಹೊರದೇಶಗಳಿಗೆ ಹೋದವು. ಸೌತ್‌ವಿಕ್ ಮತ್ತು ಆಲೀಗಢದ ಸಿದ್ದೀಕಿ ಅವರು ಉತ್ತರಪ್ರದೇಶದಲ್ಲಿ ಎಣಿಕೆಮಾಡಿ ಅವುಗಳ ಸಂಖ್ಯೆಯು ಕುಗ್ಗಿರುವುದನ್ನು ತೋರಿಸಿದರು. ೧೯೭೮ರಲ್ಲಿ ಭಾರತಸರ್ಕಾರವು ಈ ರಫ್ತನ್ನು ನಿಲ್ಲಿಸಿತು. ಆಮೇಲೆ ಆ ಕುಲವು ಪುನಃ ವೃದ್ಧಿಹೊಂದಿತು. ಜನರಿಗೆ ಉಪದ್ರವವಾದಾಗ ಪಟ್ಟಣಗಳಲ್ಲಿ ಹಿಡಿದು, ಬೋನಿನಲ್ಲಿ ತುಂಬಿ, ದೂರದ ಊರುಗಳ ಬಳಿ ಬಿಡುವುದು ರೂಢಿಯಾಯಿತು. ಹಿಡಿಯುವವರಿಗೂ ಬಿಡುವವರಿಗೂ ಅದು ಬರಿಯ ಮಂಗ; ಯಾವ ಕುಲದ್ದು, ಯಾವ ನದಿಯ ಯಾವ ದಡದ್ದು ಎಂಬ ವಿಚಾರವು ಅಲ್ಲಿ ಹುಟ್ಟಲಿಲ್ಲ.

೨೦೧೧ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಸಂಶೋಧಕರು ತಮ್ಮ ಪರಿಶೀಲನೆಯ ಫಲವನ್ನು ಪ್ರಕಟಿಸಿದರು. ಕೆಂಪುಮೊಗದ ಕಪಿಯು ಹಳೆಯ ಎಲ್ಲೆಯನ್ನು ದಾಟಿ ದಕ್ಷಿಣಕ್ಕೆ ಬಂದಿದೆ. ಅದು ಬಂದೆಡೆ ಟೊಪ್ಪಿಗೆಯ ಕಪಿಯು ಕ್ರಮೇಣ ಇಲ್ಲವಾಗುತ್ತಿದೆ. ಎರಡೂ ಬೆರೆತ ಹಿಂಡುಗಳನ್ನು ಸಹ ಎಲ್ಲೆಯ ಬಳಿ ಕಂಡಿರುವರು. ಗೋದಾವರಿಯ ದಕ್ಷಿಣಕ್ಕಿರುವ ತೆಲಂಗಾಣದ ಅನೇಕ ಊರುಗಳಲ್ಲಿ ಈಗ ಕಾಣುವುದು ಉತ್ತರದ ಕುಲವೇ.

ದಕ್ಷಿಣದ ಕುಲಕ್ಕೆ ಇದೊಂದೇ ಕಷ್ಟವಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಅವರ ಸಹೋದ್ಯೋಗಿಗಳು ಮೈಸೂರಿನ ಸುತ್ತಣ ಹೆದ್ದಾರಿಗಳ ಕಪಿಗಳನ್ನು ೧೯೮೯ರಿಂದ ಕಾಲಕಾಲಕ್ಕೆ ಎಣಿಸುತ್ತ ಬಂದರು. ಇಪ್ಪತ್ತೈದು ವರ್ಷಗಳಲ್ಲಿ ಅವುಗಳ ಸಂಖ್ಯೆಯು ಅರ್ಧಕ್ಕಿಂತಲೂ ಹೆಚ್ಚಾಗಿ ಇಳಿದಿತ್ತು. ಹಿಂದಿನವರು ದಾರಿಹೋಕರ ನೆರಳಿಗೆಂದು ನೆಟ್ಟ ಆಲ, ಅರಳಿ, ಗೋಣಿಗಳ ಸಾಲುಮರಗಳೇ ಆ ಕಪಿಗಳ ಅನ್ನಛತ್ರವಾಗಿದ್ದವು. ರಸ್ತೆಯನ್ನು ಅಗಲಮಾಡಲು ಆ ಮರಗಳನ್ನು ಕಡಿದಾಗ ಅನ್ನವೂ ಮನೆಯೂ ಒಟ್ಟಿಗೆ ಹೋದವು. ಈ ಎಲ್ಲ ಕಾರಣಗಳಿಂದ ಲೋಕದ ಪ್ರಾಣಿರಕ್ಷಣೆಯ ಪಟ್ಟಿಯಲ್ಲಿ ಹಿಂದೆ ಚಿಂತೆಯಿಲ್ಲದುದೆಂದು ಎಣಿಸಲ್ಪಟ್ಟಿದ್ದ ಟೊಪ್ಪಿಗೆಯ ಕಪಿಯನ್ನು ಈಚೆಗೆ ಅಪಾಯಕ್ಕೀಡಾಗಬಹುದಾದ ಜಾತಿಗಳಲ್ಲಿ ಸೇರಿಸಿರುವರು. ಕೆಂಪುಮೊಗದ್ದು ಇನ್ನೂ ಚಿಂತೆಯಿಲ್ಲದ ವರ್ಗದಲ್ಲಿಯೇ ಇದೆ.

ಇಬ್ಬರು ಬಂಧುಗಳ ಭಾಗ್ಯವು ಎಷ್ಟು ವಿಷಮವಾದುದೆಂಬುದನ್ನು ಭೂಪಟವನ್ನು ಬಿಡಿಸಿ ನೋಡಿದರೆ ತಿಳಿಯುವುದು. ಕೆಂಪುಮೊಗದ ಕಪಿಯು ಅಫಘಾನಿಸ್ತಾನದಿಂದ ಚೀನದೇಶದ ವರೆಗೆ ಹರಡಿರುವುದು. ಮನುಷ್ಯನನ್ನು ಬಿಟ್ಟರೆ ಕಪಿವರ್ಗದ ಪ್ರಾಣಿಗಳಲ್ಲಿ ಅಷ್ಟು ವಿಶಾಲವಾದ ನೆಲವು ಬೇರೊಂದಕ್ಕಿಲ್ಲ. ಟೊಪ್ಪಿಗೆಯ ಕಪಿಗಾದರೋ ಭಾರತದ ದಕ್ಷಿಣಪರ್ಯಾಯದ್ವೀಪವೊಂದೇ ತವರು. ಅದರ ಮೂರು ದಿಕ್ಕಿನಲ್ಲಿ ಸಮುದ್ರ, ನಾಲ್ಕನೆಯ ದಿಕ್ಕಿನಿಂದ ಬಲಿಷ್ಠನಾದ ದಾಯಾದಿ. ಹಿಂಜರಿಯಲು ಅದಕ್ಕೆ ಬೇರೆ ದೇಶವಿಲ್ಲ.

ಟೆರ್ವೂರೆನ್ನಿನ ಕಪಾಟಿನಲ್ಲಿ ಬೊನೊಬೊವಿನ ತಲೆಬುರುಡೆಯು ಚಿಂಪಾಂಜಿಯ ಹೆಸರಿನಲ್ಲಿ ಇದ್ದಾಗ ಆ ಪ್ರಾಣಿಗೆ ಹಾನಿಯೇನೂ ಆಗಲಿಲ್ಲ. ನಡುವೆ ಕಾಂಗೋ ಹರಿಯುತ್ತಿತ್ತು. ಇಲ್ಲಿ ಹಾಗಲ್ಲ. ಊರ ಹನುಮಪ್ಪನ ಗುಡಿಯ ಮುಂದೆ ತಲೆತಲಾಂತರದಿಂದ ಇದ್ದ ಹಿಂಡು ಹೋಗಿ, ಇನ್ನೊಂದು ಕುಲದ ಹಿಂಡು ಬಂದು ಕುಳಿತರೂ, ತೆಂಗಿನಕಾಯಿಯ ಹೋಳನ್ನು ನೀಡುವವರು ಮಂಗನು ಮೊದಲಿನಂತೆಯೇ ಇರುವನೆಂದು ತಿಳಿಯುವರು. ಮುಸುವನೇನಾದರೂ ಹೋಗಿದ್ದರೆ ಊರಿಗೆಲ್ಲ ಗೊತ್ತಾಗುತ್ತಿತ್ತು, ಅದಕ್ಕೆ ಬೇರೆ ಹೆಸರಿರುವುದರಿಂದ.

ಆದುದರಿಂದ ವಿದ್ಯಾವಂತರಾದ ಗೃಹಸ್ಥರೂ, ವಿಶೇಷವಾಗಿ ಶಾಲೆಗಳ ಉಪಾಧ್ಯಾಯರೂ, ಮಕ್ಕಳಿಗೆ ಈ ಎರಡು ಕುಲಗಳ ಗುರುತನ್ನು ಹೇಳಿಕೊಡುವುದು ಉಚಿತ. ಬಾಲವು ಉದ್ದವೋ ಗಿಡ್ಡವೋ, ನೆತ್ತಿಯಲ್ಲಿ ಸುಳಿಯುಂಟೋ ಇಲ್ಲವೋ ಎಂದು ನೋಡಿದರೆ ಸಾಕು. ಭೀಮೆಯ ದಡದಲ್ಲಿ ಯಾವ ಊರಿನಲ್ಲಿ ಯಾವ ಕುಲವಿದೆಯೆಂಬುದನ್ನು ವರ್ಷಕ್ಕೊಮ್ಮೆ ತಿಥಿಯೊಡನೆ ಬರೆದಿಟ್ಟರೆ, ಮುಂದಿನ ತಲೆಮಾರಿನವರಿಗೆ ಅದು ಈ ಸೀಮೆಯ ಚರಿತ್ರೆಯ ಒಂದು ಪುಟವಾಗುವುದು. ಉಪದ್ರವಿ ಕಪಿಗಳನ್ನು ಹಿಡಿಸುವ ಪಂಚಾಯತಿಗಳು ಅವನ್ನು ಹೊರಗಿನಿಂದ ತರದೆಯೂ ಹೊರಗೆ ಸಾಗಿಸದೆಯೂ ಇರುವುದು, ದಾರಿಯ ಬದಿಯ ಆಲದ ಮರವನ್ನು ಕಡಿಯುವ ಮುನ್ನ ಅದರಲ್ಲಿ ಉಣ್ಣುವವರು ಯಾರೆಂದು ಕೇಳಿಕೊಳ್ಳುವುದು, ಇವೆರಡೂ ದುಸ್ಸಾಧ್ಯವಾದ ಕಾರ್ಯಗಳೇನಲ್ಲ.